ಶನಿವಾರ ಕೊಯರ್‌ನವರೆಲ್ಲ ಒಟ್ಟಾಗ್ತೇವೆ

ಭಾಗ 1/8

ಈ ಸಲದ ಸರಣಿ ಸ್ವಲ್ಪ ಉದ್ದ ಉಂಟು. ಎಂಟು ಭಾಗ. ಬಸ್ಸಲ್ಲಿ ಸೀಟ್ ಸಿಕ್ಕಿದಾಗ ಓದಿ, ಇಲ್ಲಾಂದ್ರೆ ಸೇವ್ ಮಾಡಿಟ್ಟು ರಾತ್ರಿ ಓದಿ.

ವಿಷಯ ಇಷ್ಟು: ಮುಂದಿನ ಶನಿವಾರ ಕುಂದಾಪುರದ ಒಂದು ಚರ್ಚ್ ಹಾಲ್‌ನಲ್ಲಿ ನಮ್ಮ ಕಡೆಯ ಕಥೊಲಿಕ ಚರ್ಚ್‌ಗಳ ಕೊಯರ್‌ನವರು ಒಂದಿಡೀ ದಿನ ಒಟ್ಟು ಸೇರ್ತಾರೆ. ಬೈಂದೂರಿಂದ, ಬ್ರಹ್ಮಾವರದಿಂದ, ನಡುವಿನ ಊರುಗಳಿಂದ. ಹಾಡುವವರು, ಕೀಬೋರ್ಡ್‌ನವರು, ಗಿಟಾರ್, ವಯಲಿನ್‌ನವರು, ಏನೂ ನುಡಿಸದೆ ಪುಸ್ತಕ ಹಂಚುವವರು, ಎಲ್ಲರೂ. ನಾನು ದಿನ ಎಣಿಸ್ತಾ ಇದ್ದೇನೆ.

ಕ್ಲಾಸಲ್ಲಿ ಹೇಳಿದ ಕೂಡ್ಲೇ ಮೂರು ಪ್ರಶ್ನೆ ಬಂತು. "ಕೊಯರ್ ಅಂದ್ರೆ ಎಂತ ಮಾರಾಯ್ತಿ?" "ಕಾಂಪಿಟೀಶನ್ನಾ, ಪ್ರೈಜ್ ಎಷ್ಟು?" "ಊಟ ಉಂಟಾ?"

ಕೊನೆಯದಕ್ಕೆ ಮೊದಲು ಉತ್ತರ: ಉಂಟು. ಸಾನ್ನಾಂ ಮತ್ತು ಕೋಳಿ ಸಾರು ಅಂತ ಸುದ್ದಿ. ಎರಡನೆಯದಕ್ಕೆ: ಸ್ಪರ್ಧೆ ಅಲ್ಲ, ಪ್ರೈಜೂ ಇಲ್ಲ. ಯಾರೂ ಯಾರನ್ನೂ ಸೋಲಿಸ್ಲಿಕ್ಕಿಲ್ಲ. ಒಟ್ಟಿಗೆ ಕಲಿಯುದು, ಒಟ್ಟಿಗೆ ಹಾಡುದು, ಸಂಜೆ ಬಸ್ ಹಿಡಿದು ಮನೆಗೆ ಹೋಪುದು.

ಮೊದಲನೆಯದಕ್ಕೆ ಒಂದು ಹೋಲಿಕೆ ಕೊಡ್ತೇನೆ. ನಿಮ್ಮೂರ ಭಜನಾ ಮಂಡಳಿ ಗೊತ್ತಲ್ಲ? ಒಬ್ಬರು ಎತ್ತಿಕೊಡ್ತಾರೆ, ಉಳಿದವರು ಹಿಡೀತಾರೆ, ಯಾರಿಗೂ ಸಂಬಳ ಇಲ್ಲ. ಅದಕ್ಕೆ ಯಕ್ಷಗಾನದ ಹಿಮ್ಮೇಳದ ಒಂದು ಗುಣ ಸೇರಿಸಿ: ವೇಷ ಮುಂದೆ, ಹಾಡು ಹಿಂದೆ. ಆದ್ರೆ ಭಾಗವತರು ಪದ್ಯ ಎತ್ತದೆ ರಂಗಸ್ಥಳದಲ್ಲಿ ಒಂದು ಹೆಜ್ಜೆಯೂ ಬೀಳುದಿಲ್ಲ. ಕೊಯರ್ ಹೆಚ್ಚುಕಡಿಮೆ ಹಾಗೇ. ಪೂಜೆ ಆಲ್ತಾರಿನಲ್ಲಿ ನಡೀತದೆ. ಕೊಯರ್ ಬದಿಯಲ್ಲೋ ಹಿಂದೆ ಮಾಳಿಗೆಯಲ್ಲೋ ಇರ್ತದೆ. ನೋಡ್ಲಿಕ್ಕೆ ಯಾರೂ ಬರುದಿಲ್ಲ. ಕೇಳದೇ ಹೋದ್ರೆ ಮಾತ್ರ ಎಲ್ಲರಿಗೂ ಗೊತ್ತಾಗ್ತದೆ.

ಭಾಗ 2/8

ಈ ಫೋಟೋ ಝೂಮ್ ಮಾಡಿ ನೋಡಿ. ನನ್ನ ಹಾಡಿನ ಪುಸ್ತಕದ ಒಂದು ಪುಟ. ಲಿಪಿ ಕನ್ನಡ, ಅಲ್ವಾ? ಈಗ ಓದಿ. ಅರ್ಥ ಆಗ್ಲಿಲ್ಲ ತಾನೇ? ಅದು ಕೊಂಕಣಿ.

ನಮ್ಮ ಕಡೆ ಹೆಚ್ಚಿನ ಚರ್ಚ್‌ಗಳಲ್ಲಿ ಭಾನುವಾರದ ಮೀಸ್, ಅಂದ್ರೆ ಬಲಿಪೂಜೆ, ಕೊಂಕಣಿಯಲ್ಲಿ ನಡೀತದೆ. ಕೊಂಕಣಿ ಗೋವಾದಲ್ಲಿ ದೇವನಾಗರಿಯಲ್ಲೂ ರೋಮನ್ ಅಕ್ಷರದಲ್ಲೂ ಬರೀತಾರೆ, ನಾವಿಲ್ಲಿ ಕನ್ನಡ ಅಕ್ಷರದಲ್ಲಿ ಬರೀತೇವೆ. 1938ರಲ್ಲಿ ಮಂಗಳೂರಲ್ಲಿ ಶುರುವಾದ 'ರಾಕ್ಣೊ' ವಾರಪತ್ರಿಕೆಯೂ ಕನ್ನಡ ಲಿಪಿಯ ಕೊಂಕಣಿಯೇ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ಅಷ್ಟರ ಹೊತ್ತಿಗೆ ನಮ್ಮ ಅಜ್ಜಿಯಂದಿರು ಹಾಡಿನ ಪುಸ್ತಕ ಓದ್ಲಿಕ್ಕಾಗಿಯೇ ಕನ್ನಡ ಅಕ್ಷರ ಗಟ್ಟಿ ಮಾಡಿಕೊಂಡಾಗಿತ್ತು.

ಹಾಗಾಗಿ ನಮ್ಮದು ತಮಾಷೆಯ ಬದುಕು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕುಂದಾಪ್ರ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್, ಹಾಡುವಾಗ ಕನ್ನಡ ಅಕ್ಷರದಲ್ಲಿ ಕೊಂಕಣಿ. ಕನ್ನಡ ಪೂಜೆ ಇದ್ದ ದಿನ ಕನ್ನಡ ಹಾಡು.

ಇದು ಹಿಂದಿನಿಂದ ಹೀಗೇ ಇದ್ದದ್ದಲ್ಲ. ನನ್ನ ಅಜ್ಜಿ ಸಣ್ಣವರಿರುವಾಗ ಪೂಜೆ ಲ್ಯಾಟಿನ್‌ನಲ್ಲಿತ್ತು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಬಗ್ಗೆ ಒಂದು ದಾಖಲೆ ಹೊರಡಿಸಿತು. ಜನ ತಮ್ಮ ಭಾಷೆಯಲ್ಲಿ ಪ್ರಾರ್ಥಿಸ್ಲಿಕ್ಕೆ, ಹಾಡ್ಲಿಕ್ಕೆ ದಾರಿ ತೆರೆದದ್ದು ಅದು. ಆಮೇಲೆ ಕೆಲವೇ ವರ್ಷದೊಳಗೆ ಊರೂರಲ್ಲಿ ಹೊಸ ಹಾಡು ಬೇಕಾಯ್ತು. ಬರೆದವರು, ರಾಗ ಹಾಕಿದವರು ಎಷ್ಟೋ ಜನ. ಕೆಲವರ ಹೆಸರು ಪುಸ್ತಕದಲ್ಲಿದೆ, ಕೆಲವರದ್ದು ಇಲ್ಲ. ಅಜ್ಜಿಗೆ ಈಗಲೂ ಲ್ಯಾಟಿನ್ ಹಾಡು ಬಾಯಿಗೆ ಬರ್ತದೆ. "ಅರ್ಥ ಎಂತ ಅಜ್ಜಿ?" ಕೇಳಿದ್ರೆ, "ಅರ್ಥ ದೇವರಿಗೆ ಗೊತ್ತಿತ್ತಲ್ಲ, ಸಾಕು" ಅಂತಾರೆ.

ಭಾಗ 3/8

ಶನಿವಾರ ಯಾರ್ಯಾರು ಬರ್ತಾರೆ ಅಂತ ಹೇಳ್ಲಿಕ್ಕೆ ಹೆದ್ದಾರಿ 66ರ ಬಸ್ಸೇ ಒಳ್ಳೆ ನಕ್ಷೆ. ಬೈಂದೂರಿಂದ ಹತ್ತಿದ್ರೆ ಕಿರಿಮಂಜೇಶ್ವರ, ನಾವುಂದ, ಮರವಂತೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಬಸ್ಸು. ಆಮೇಲೆ ತ್ರಾಸಿ, ಹೆಮ್ಮಾಡಿ, ತಲ್ಲೂರು, ಕುಂದಾಪುರ. ಅಲ್ಲಿಂದ ದಕ್ಷಿಣಕ್ಕೆ ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನದ ಟೋಲ್, ಸೀತಾನದಿ ದಾಟಿ ಬ್ರಹ್ಮಾವರ. ಬೈಂದೂರು-ಬ್ರಹ್ಮಾವರ ಅಂದ್ರೆ ಐವತ್ತು ಕಿಲೋಮೀಟರಿಗಿಂತ ಹೆಚ್ಚು. ಇಷ್ಟರಲ್ಲಿ ಎಷ್ಟು ಹೊಳೆ, ಎಷ್ಟು ದೇವಸ್ಥಾನ, ಎಷ್ಟು ಮಸೀದಿ, ಎಷ್ಟು ಇಗರ್ಜಿ ಅಂತ ಎಣಿಸಿ ನೋಡಿ ಒಮ್ಮೆ.

ಗಂಗೊಳ್ಳಿಯವರ ಕಷ್ಟ ಬೇರೆ. ಕುಂದಾಪುರ ಅವರಿಗೆ ಎದುರಿಗೇ ಕಾಣ್ತದೆ, ನಡುವೆ ಅಳಿವೆ. ರಸ್ತೆಯಲ್ಲಿ ಬರುದಾದ್ರೆ ಮೇಲಿನ ದಾರಿ ಸುತ್ತಿ ಬರ್ಬೇಕು. ಬಸ್ರೂರಿನವರು ವಾರಾಹಿ ಬದಿಯಿಂದ, ಬಾರ್ಕೂರಿನವರು ಸೀತಾನದಿ ಬದಿಯಿಂದ.

ಕುಂದಾಪುರದ ರೋಜರಿ ಮಾತೆ ಇಗರ್ಜಿ 1570ರದ್ದು, ಪೋರ್ಚುಗೀಸರ ಕಾಲದ್ದು. ಸಂತ ಜೋಸೆಫ್ ವಾಜ್ ಹೆಸರು ಕೇಳಿರಬಹುದು. ಗೋವಾದ ಬೆಣಾವಲಿಯಲ್ಲಿ 1651ರಲ್ಲಿ ಹುಟ್ಟಿದವರು, 1681ರಿಂದ 84ರವರೆಗೆ ನಮ್ಮ ಕರಾವಳಿಯಲ್ಲಿ ಸೇವೆ ಮಾಡಿದ್ರು. ಕುಂದಾಪುರದವರು ಅವರನ್ನು ನಮ್ಮವರು ಅಂತಲೇ ಹೇಳುದು. ಆಮೇಲೆ ಅವರು ಶ್ರೀಲಂಕಾಕ್ಕೆ ಹೋದ್ರು, ಅಲ್ಲಿನ ತಮಿಳು, ಸಿಂಹಳ ಕಲಿತ್ರು. ಅವರ ಜೊತೆ ಕೆಲಸ ಮಾಡಿದ ಗೋವಾದ ಇನ್ನೊಬ್ಬ ಗುರು ಜಾಕೋಮೆ ಗೊನ್ಸಾಲ್ವಿಸ್ ಸಿಂಹಳದಲ್ಲೂ ತಮಿಳಲ್ಲೂ ಹಾಡು, ಪುಸ್ತಕ ಬರೆದ್ರು. ಊರಿನ ಭಾಷೆಯಲ್ಲಿ ಹಾಡ್ಬೇಕು ಅನ್ನುದು ಅವರಿಗೆ ಮುನ್ನೂರು ವರ್ಷ ಮೊದಲೇ ಹೊಳೆದಿತ್ತು. ಜೋಸೆಫ್ ವಾಜ್‌ರನ್ನು ಸಂತರೆಂದು ಘೋಷಿಸಿದ್ದು 2015ರ ಜನವರಿ 14ರಂದು, ಕೊಲಂಬೋದಲ್ಲಿ.

ಉಡುಪಿ ಧರ್ಮಪ್ರಾಂತ್ಯ ಮಾತ್ರ ಹೊಸತು. 2012ರಲ್ಲಿ ಮಂಗಳೂರಿಂದ ಬೇರೆ ಆದದ್ದು. ನಮ್ಮ ತಂಗಿಯಂದಿರ ವಯಸ್ಸು ಅದಕ್ಕೆ.

ಭಾಗ 4/8

ಈಗ ಸಂಗೀತದ ಮಾತು. ಬೋರಾದ್ರೆ ಐದನೇ ಭಾಗಕ್ಕೆ ಹಾರಿ, ಆದ್ರೆ ಹಾರ್ಬೇಡಿ.

ಸಂಗೀತ ಕ್ಲಾಸಿಗೆ ಹೋದವರಿಗೆ ಪುರಂದರದಾಸರು ಗೊತ್ತು. ಆರಂಭದ ಪಾಠಕ್ಕೆ ಮಾಯಾಮಾಳವಗೌಳ ಹಾಕಿಕೊಟ್ಟವರು ಅವರು ಅಂತ ನಮಗೆ ಹೇಳಿಕೊಟ್ಟದ್ದು. ಆ ಕಡೆಗೂ ಹಾಗೇ ಒಬ್ಬರು ಮೇಷ್ಟ್ರು ಇದ್ರು. ಸುಮಾರು ಸಾವಿರ ವರ್ಷ ಹಿಂದೆ, ಇಟಲಿಯಲ್ಲಿ, ಗ್ವೀದೊ ಅಂತ ಒಬ್ಬ ಸನ್ಯಾಸಿ. ಕೊಯರ್ ಹುಡುಗರಿಗೆ ಹಾಡು ಕಲಿಸ್ಲಿಕ್ಕೆ ವರ್ಷಗಟ್ಲೆ ಹಿಡೀತಿತ್ತು, ಯಾಕಂದ್ರೆ ಎಲ್ಲ ಬಾಯಿಪಾಠ. ಅವರು ಒಂದು ಸ್ತೋತ್ರ ತಗೊಂಡ್ರು. ಅದರ ಒಂದೊಂದು ಸಾಲು ಒಂದೊಂದು ಸ್ವರ ಮೇಲಿಂದ ಶುರುವಾಗ್ತಿತ್ತು. ಆ ಸಾಲುಗಳ ಮೊದಲ ಉಚ್ಚಾರವನ್ನೇ ಸ್ವರಕ್ಕೆ ಹೆಸರು ಮಾಡಿದ್ರು. ಅದೇ ಈಗಿನ ದೊ ರೆ ಮಿ ಫಾ. ಅಂದ್ರೆ ಪ್ರಪಂಚ ಇಡೀ ಹಾಡುವ ಈ ದೊ ರೆ ಮಿ ಹುಟ್ಟಿದ್ದೇ ಕೊಯರ್ ಪ್ರಾಕ್ಟೀಸಿನ ತಲೆಬಿಸಿಯಿಂದ.

ನಮ್ಮಲ್ಲಿ ಈಗಲೂ ಹೆಚ್ಚಿನವರು ಕಿವಿಯಿಂದಲೇ ಕಲಿಯುದು. ಯೂಟ್ಯೂಬಲ್ಲಿ ಹತ್ತು ಸಲ ಕೇಳುದು, ವಾಟ್ಸಾಪ್ ವಾಯ್ಸ್ ಕಳಿಸುದು, ಶನಿವಾರ ಸಂಜೆ ಒಂದು ಗಂಟೆ ಪ್ರಾಕ್ಟೀಸ್, ಭಾನುವಾರ ಹಾಡುದು. ಒಂದೇ ಸ್ವರದಲ್ಲಿ ಎಲ್ಲರೂ. ಎರಡನೇ ತಾಳೊ, ಅಂದ್ರೆ ಎರಡನೇ ಸ್ವರ ಹಾಕ್ಲಿಕ್ಕೆ ಧೈರ್ಯ ಬೇಕು. ಪಕ್ಕದವರು ಮೂಲ ರಾಗ ಹಾಡುವಾಗ ನಾವು ಮೂರು ಮೆಟ್ಟಿಲು ಕೆಳಗೆ ನಿಂತು ಜಾರದೆ ಇರ್ಬೇಕು. ದೊಡ್ಡ ಕೊಯರ್‌ನಲ್ಲಿ ನಾಲ್ಕು: ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ಏಳು ಜನರ ಕೊಯರ್‌ನಲ್ಲಿ ನಾಲ್ಕು ಸ್ವರ ಮಾಡಿದ್ರೆ ಒಬ್ಬರಿಗೆ ಕೆಮ್ಮು ಬಂದ್ರೆ ಒಂದು ಸ್ವರವೇ ರಜೆ.

ಅದಕ್ಕೇ ಶನಿವಾರದ ಆಸೆ. ಆ ಹಾಲ್‌ನಲ್ಲಿ ಆಲ್ಟೊ ಹಾಡುವ ಒಂದಿಡೀ ಸಾಲು ಇರ್ತದೆ. ಜಾರಿದ್ರೆ ಹಿಡೀಲಿಕ್ಕೆ ಎಡಕ್ಕೊಬ್ಬರು, ಬಲಕ್ಕೊಬ್ಬರು.

ಇನ್ನೊಂದು ಕಲೀಬೇಕು: ಶ್ರುತಿ. ರೆಕಾರ್ಡಿಂಗಲ್ಲಿ ಹಾಡಿದವರ ಎತ್ತರದಲ್ಲೇ ನಾವು ಎತ್ತಿದ್ರೆ ಬೆಳಿಗ್ಗೆ ಏಳರ ಪೂಜೆಗೆ ಬಂದ ಅಂಕಲ್‌ಗಳು ಎರಡನೇ ಸಾಲಿಗೆ ಬಾಯಿ ಮುಚ್ತಾರೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಕೆಳಗೆ ಒತ್ತಿದ್ರೆ ಅದೇ ಅಂಕಲ್‌ಗಳು ಇಡೀ ಚರ್ಚ್ ನಡುಗಿಸ್ತಾರೆ.

ಭಾಗ 5/8

ಚರ್ಚಲ್ಲಿ ಏನು ನುಡಿಸ್ಬಹುದು, ಯಾರು ಹಾಡ್ಬಹುದು ಅನ್ನುದಕ್ಕೆ ದೊಡ್ಡ ಕಥೆ ಉಂಟು. ಹುಡುಗಿಯರು ಇದನ್ನು ಖಂಡಿತ ಓದಿ.

ನವೆಂಬರ್ 22 ಸಂತ ಸಿಸಿಲಿಯಾ ಹಬ್ಬ. ಸಂಗೀತಗಾರರ ಪಾಲಕಿ ಅವರು. ನಮ್ಮ ಶನಿವಾರವೂ ಅದರ ಆಸುಪಾಸಿಗೇ ಇಟ್ಟದ್ದು. 1903ರಲ್ಲಿ ಅದೇ ನವೆಂಬರ್ 22ರಂದು ಪೋಪ್ ಹತ್ತನೇ ಪಿಯುಸ್ ಚರ್ಚ್ ಸಂಗೀತದ ಬಗ್ಗೆ ನಿಯಮ ಹೊರಡಿಸಿದ್ರು. ಆಗ ಯುರೋಪಿನ ಚರ್ಚ್‌ಗಳಲ್ಲಿ ಪೂಜೆಯ ಹಾಡು ನಾಟಕದ ಹಾಡಿನಂತೆ ಆಗಿತ್ತು, ಅದನ್ನು ಸರಿಮಾಡ್ಲಿಕ್ಕೆ. ಅದರಲ್ಲಿ ಪಿಯಾನೊ ಬೇಡ, ಡ್ರಮ್‌ನಂಥ ಗಲಾಟೆಯ ವಾದ್ಯ ಬೇಡ ಅಂತ ಇತ್ತು. ಜೊತೆಗೆ ಇನ್ನೊಂದು: ಹೆಂಗಸರು ಪೂಜೆಯ ಕೊಯರ್‌ಗೆ ಸೇರುವ ಹಾಗಿಲ್ಲ. ಮೇಲಿನ ಸ್ವರ ಬೇಕಾದ್ರೆ ಹುಡುಗರನ್ನು ಹಾಡಿಸಿ.

1967ರ ಮಾರ್ಚ್ 5ರಂದು ರೋಮಿನಿಂದ ಬಂದ ಇನ್ನೊಂದು ಸೂಚನೆಯಲ್ಲಿ ಗಂಡಸರು ಹೆಂಗಸರು ಸೇರಿದ ಕೊಯರ್ ಆಗ್ಬಹುದು, ಅಗತ್ಯ ಇದ್ದಲ್ಲಿ ಬರೀ ಹೆಂಗಸರದ್ದೂ ಆಗ್ಬಹುದು ಅಂತ ಸ್ಪಷ್ಟವಾಗಿ ಬಂತು. ನಮ್ಮ ಏಳು ಜನರಲ್ಲಿ ಐದು ಜನ ಹೆಣ್ಣುಮಕ್ಕಳು. 1903ರ ನಿಯಮವೇ ಇದ್ದಿದ್ರೆ ನಮ್ಮ ಕೊಯರ್ ಅಂದ್ರೆ ಇಬ್ಬರು ಅಂಕಲ್‌ಗಳು ಮಾತ್ರ!

ಮಧ್ಯದಲ್ಲಿ 1958ರಲ್ಲಿ ಒಂದು ಸೂಚನೆ. ಪೂಜೆಯಲ್ಲಿ ಗ್ರಾಮಫೋನ್, ರೇಡಿಯೊ, ಟೇಪ್ ರೆಕಾರ್ಡರ್ ಹಾಕಿ ಹಾಡಿಸುವ ಹಾಗಿಲ್ಲ. ಆಗ ಟೇಪ್ ರೆಕಾರ್ಡರ್, ಈಗ ಪೆನ್‌ಡ್ರೈವ್. ಯಾರೂ ಬಾರದ ಭಾನುವಾರ "ಟ್ರ್ಯಾಕ್ ಹಾಕಿಬಿಡುವ" ಅಂತ ಆಸೆ ಎಲ್ಲ ಕಡೆಯೂ ಹುಟ್ತದೆ. ಟ್ರ್ಯಾಕ್ ಎಂದೂ ತಪ್ಪುದಿಲ್ಲ, ಸರಿ. ಆದ್ರೆ ಪಾದ್ರ್ಯಾಬ್ ಒಂದು ಪ್ರಾರ್ಥನೆ ನಿಧಾನ ಹೇಳಿದ್ರೆ ಅದು ಕಾಯುದಿಲ್ಲ. ಕಾಯುವವರು ಮನುಷ್ಯರೇ ಆಗ್ಬೇಕು.

ಮೌನಕ್ಕೂ ನಿಯಮ ಉಂಟು. ತಪಸ್ಸು ಕಾಲದಲ್ಲಿ ವಾದ್ಯ ಇರುದು ಹಾಡಿಗೆ ಆಸರೆಯಾಗಿ ಮಾತ್ರ, ತಾನೇ ಮೆರೀಲಿಕ್ಕಿಲ್ಲ. ಪವಿತ್ರ ಗುರುವಾರ ರಾತ್ರಿ ಮಹಿಮಾಗೀತೆ ಮುಗಿದ ಮೇಲೆ ಗಂಟೆ ಬಂದ್. ಶುಭ ಶುಕ್ರವಾರ ಮರದ ಹಲಗೆಯ ಟಕಟಕ ಸದ್ದು ಮಾತ್ರ. ಶನಿವಾರ ಮಧ್ಯರಾತ್ರಿ ಹತ್ತಿರ ಆ ಮಹಿಮಾಗೀತೆ ಮತ್ತೆ ಎತ್ತುವಾಗ ಎಲ್ಲ ಗಂಟೆ, ಎಲ್ಲ ವಾದ್ಯ ಒಟ್ಟಿಗೆ. ವರ್ಷದಲ್ಲಿ ಆ ಒಂದು ಕ್ಷಣಕ್ಕೆ ನನ್ನ ಕೈ ಈಗಲೂ ನಡುಗ್ತದೆ.

ಭಾಗ 6/8

ಫೋಟೋದಲ್ಲಿ ಇರುವ ಮಣ್ಣಿನ ಮಡಕೆ ನೋಡಿ. ಎರಡೂ ಕಡೆ ತೆರೆದದ್ದು, ಒಂದು ಬಾಯಿಗೆ ಚರ್ಮ. ಇದು ಗುಮಟೆ. ಚರ್ಮದ ಬದಿ ಬಲಗೈಯಲ್ಲಿ ಬಡಿಯುದು, ಇನ್ನೊಂದು ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆರೆದು ಸದ್ದು ಬದಲಿಸುದು. ಹಿಂದೆ ಉಡದ ಚರ್ಮ ಕಟ್ತಿದ್ರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉಡ ಮುಟ್ಟುವ ಹಾಗಿಲ್ಲ, ಈಗ ಆಡಿನ ಚರ್ಮ. ಗೋವಾದವರು 2019ರಲ್ಲಿ ಇದನ್ನು ತಮ್ಮ ಪರಂಪರೆಯ ವಾದ್ಯ ಅಂತ ಘೋಷಿಸಿಕೊಂಡ್ರು.

ನನಗೆ ಖುಷಿಯಾಗುದು ಬೇರೆ ವಿಷಯಕ್ಕೆ. ಬ್ರಹ್ಮಾವರ, ಬಾರ್ಕೂರು ಒಳಗಿನ ಕುಡುಬಿಯವರು ಹೋಳಿಗೆ ತಲೆಗೆ ಹೂ ಮುಡಿದ ಮುಂಡಾಸು ಕಟ್ಟಿ ಮನೆಮನೆಗೆ ಹೋಗಿ ಕುಣಿಯುದು ನೋಡಿದ್ದೀರಲ್ಲ? ಅವರ ಕೈಯಲ್ಲಿರುದೂ ಇದೇ ಗುಮಟೆ. ಅವರ ಹಿರಿಯರೂ ಗೋವಾದಿಂದ ಬಂದವರು, ನಮ್ಮ ಹಿರಿಯರೂ ಗೋವಾದಿಂದ ಬಂದವರು. ದೇವರು ಬೇರೆ ಆದ್ರು, ಹಬ್ಬ ಬೇರೆ ಆಯ್ತು, ಮಡಕೆ ಮಾತ್ರ ಒಂದೇ ಉಳೀತು.

ನಮ್ಮಲ್ಲಿ ಗುಮಟೆ ಮದುವೆ ಮನೆಯ ವಾದ್ಯ. ಮದುವೆ ಹಿಂದಿನ ದಿನ ರೋಸ್, ಅಂದ್ರೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆಗ ಹಿರಿಯ ಹೆಂಗಸರು ವೊವಿಯೊ ಹಾಡ್ತಾರೆ. ನಿಮ್ಮ ಮನೆಯ ಶೋಭಾನೆ ಹಾಡಿನ ಅಕ್ಕತಂಗಿ ಅಂತ ತಿಳ್ಕೊಳ್ಳಿ. ಈಗ ಹೆಚ್ಚಿನ ಕಡೆ ಆ ಹೊತ್ತಿಗೆ ಡೀಜೆ. ಆದ್ರೆ ಪೂರ್ತಿ ಹೋಗಿಲ್ಲ. ಮಂಗಳೂರಿನ 'ಮಾಂಡ್ ಸೊಭಾಣ್' 1986ರಿಂದ ಇದನ್ನೆಲ್ಲ ಮತ್ತೆ ಹಾಡಿಸ್ತಾ ಬಂದಿದೆ. 2008ರ ಜನವರಿಯಲ್ಲಿ ಅವರು 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ್ರು. ವಿಲ್ಫಿ ರೆಬಿಂಬಸ್ ಹಾಡು ಗೊತ್ತಿಲ್ಲದ ಕೊಂಕಣಿ ಮನೆ ಇಲ್ಲ.

ಚರ್ಚ್ ಹಬ್ಬದ ದಿನ ಇನ್ನೂ ಒಂದು ಇರ್ತದೆ: ಬ್ಯಾಂಡ್‌ಸೆಟ್. ಕಹಳೆ, ಡೋಲು, ಬಿಳಿ ಅಂಗಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಹೂ ಹಾಕುವಾಗ ಹಾಡು, ಹೊಸ ತೆನೆ ಆಶೀರ್ವಾದಕ್ಕೆ ಹಾಡು. ಹಾಡು ಇಲ್ಲದೆ ನಮ್ಮಲ್ಲಿ ಭತ್ತದ ತೆನೆ ಕೂಡ ಮನೆಯೊಳಗೆ ಬರುದಿಲ್ಲ.

ಭಾಗ 7/8

ಇಲ್ಲಿಯವರೆಗೆ ಬಂದವರಿಗೆ ಈಗ ನಿಜ ವಿಷಯ ಹೇಳ್ತೇನೆ.

ನಮ್ಮ ಚರ್ಚ್ ಸಣ್ಣದು. ಕೊಯರ್‌ನಲ್ಲಿ ಏಳು ಜನ. ಕೀಬೋರ್ಡ್ ನುಡಿಸುವ ಅಕ್ಕನಿಗೆ ಐರ್ಲೆಂಡಲ್ಲಿ ನರ್ಸ್ ಕೆಲಸ ಆಗಿದೆ, ಜನವರಿಯಲ್ಲಿ ಹೋಗ್ತಾರೆ. ಗಿಟಾರ್ ಹುಡುಗ ದುಬೈಗೆ ಹೋಗಿ ಒಂದು ವರ್ಷ ಆಯ್ತು. ನನ್ನದು ಕೊನೆಯ ವರ್ಷ. ಜೂನ್ ಬಂದ್ರೆ ಬೆಂಗಳೂರೋ ಇನ್ನೆಲ್ಲಿಗೋ. ಉಳಿಯುದು ಕೆಲವೇ ಜನ, ಅದರಲ್ಲಿ ಮೂವರಿಗೆ ಅರವತ್ತು ದಾಟಿದೆ. ಹೋಗುವವರನ್ನು ನಾನು ದೂರುದಿಲ್ಲ. ಅಕ್ಕನ ಸಂಬಳದಿಂದ ಅವರ ಮನೆಯ ಸಾಲ ತೀರ್ತದೆ.

ಯಾರಾದ್ರೂ ಕೇಳಬಹುದು, ಭಾನುವಾರ ಹಾಡು ಸ್ವಲ್ಪ ಕಡಿಮೆಯಾದ್ರೆ ಎಂತ ಆಯ್ತು? ಭಾನುವಾರ ಹೇಗೋ ನಡೀತದೆ. ನನ್ನ ಚಿಂತೆ ಬೇರೆ ದಿನದ್ದು.

ಮದುವೆಗೆ ದುಡ್ಡು ಕೊಟ್ರೆ ಮಂಗಳೂರಿಂದ ಬ್ಯಾಂಡ್ ಬರ್ತದೆ. ಮರಣಕ್ಕೆ ಊರಿನ ಕೊಯರೇ ಬರ್ಬೇಕು. ಮರಣ ದಿನ ನೋಡಿ ಬರುದಿಲ್ಲ. ಮಂಗಳವಾರ ಬೆಳಿಗ್ಗೆ ಚರ್ಚ್ ಗಂಟೆ ನಿಧಾನ ಬಾರಿಸ್ತದೆ, ವಾಟ್ಸಾಪಲ್ಲಿ ಮೆಸೇಜ್ ಬರ್ತದೆ, ಸಂಜೆ ನಾಲ್ಕಕ್ಕೆ ಪೂಜೆ. ಆ ಹೊತ್ತಿಗೆ ಕೆಲಸಕ್ಕೆ ಹೋದವರು ಬರ್ಲಿಕ್ಕಾಗುದಿಲ್ಲ, ಕಾಲೇಜಿನವರು ಕ್ಲಾಸಲ್ಲಿ. ಆಗ ಹಾಡುದು ಅದೇ ಮೂವರು ನಾಲ್ವರು. ಗುಂಡಿಯ ಹತ್ತಿರ ಮೈಕ್ ಇಲ್ಲ, ಕೀಬೋರ್ಡ್ ಇಲ್ಲ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ. ಮಣ್ಣು ಹಾಕುವ ಸದ್ದು ಆ ಮನೆಯವರ ಕಿವಿಗೆ ಒಂಟಿಯಾಗಿ ಬೀಳಬಾರದು ಅಂತ ಇವರು ಹಾಡ್ತಾ ಇರ್ತಾರೆ. ಹಾಡಿನ ಉಪಯೋಗ ಎಂತ ಅಂತ ನನಗೆ ಅರ್ಥ ಆದದ್ದು ಅಲ್ಲಿ.

ನಮ್ಮಲ್ಲಿ ಒಬ್ಬರು ಅಂಕಲ್ ಇದ್ದಾರೆ, ಬೇಸ್ ಹಾಡುವವರು, ವಯಸ್ಸು ಎಪ್ಪತ್ತೆಂಟು. ಆ ಮರಣದ ಹಾಡುಗಳಿಗೆ ಅವರು ಹಾಕುವ ಕೆಳಗಿನ ಸ್ವರ ಯಾವ ಪುಸ್ತಕದಲ್ಲೂ ಇಲ್ಲ. ಅವರಿಗೆ ಅವರ ಅಪ್ಪ ಹೇಳಿಕೊಟ್ಟದ್ದು. ಅಂಕಲ್‌ಗೆ ಸ್ವರ ಬರೀಲಿಕ್ಕೆ ಬರುದಿಲ್ಲ. "ಬರ್ಕೊಂಡು ಎಂತ ಮಾಡುದು ಬಾಯಿ, ನಿಂತು ಕಲಿ" ಅಂತಾರೆ ನನಗೆ. ಅವರಂಥವರು ಪ್ರತಿ ಚರ್ಚಲ್ಲೂ ಒಬ್ಬರೋ ಇಬ್ಬರೋ ಇರ್ತಾರೆ. ಅಂಥವರ ಜೊತೆಗೇ ಅವರ ಸ್ವರವೂ ಮಣ್ಣಿಗೆ ಹೋಗಿಬಿಡುದು ನನಗೆ ಬೇಡ.

ಭಾಗ 8/8

ಹಾಗಾಗಿ ಶನಿವಾರಕ್ಕೆ ನಾನು ಬರೀ ಸಾನ್ನಾಂ ತಿನ್ಲಿಕ್ಕೆ ಹೋಗ್ತಿಲ್ಲ. ಚೀಲದಲ್ಲಿ ಮೂರು ಕೆಲಸ ಹಾಕಿಕೊಂಡು ಹೋಗ್ತೇನೆ.

ಒಂದು: ಫೋನ್ ಚಾರ್ಜ್ ಮಾಡಿ, ಮೆಮೊರಿ ಖಾಲಿ ಮಾಡಿ ತಗೊಂಡು ಹೋಗುದು. ಅಂಕಲ್ ಬರ್ತೇನೆ ಅಂದಿದ್ದಾರೆ. ಊಟದ ಬಿಡುವಲ್ಲಿ ಬೇರೆ ಊರಿನ ಹಿರಿಯರನ್ನೂ ಅವರ ಪಕ್ಕ ಕೂರಿಸಿ, ಒಂದೊಂದು ಸ್ವರ ಬೇರೆ ಬೇರೆಯಾಗಿ ಹಾಡಿಸಿ ರೆಕಾರ್ಡ್ ಮಾಡುದು. ಎಲ್ಲರೂ ಒಟ್ಟು ಹಾಡಿದ್ದು ಕೇಳ್ಲಿಕ್ಕೆ ಚಂದ, ಕಲೀಲಿಕ್ಕೆ ಕಷ್ಟ. ಆಮೇಲೆ ಸ್ವರ ಬರೀಲಿಕ್ಕೆ ಗೊತ್ತಿದ್ದವರು ಯಾರು ಅಂತ ಅಲ್ಲೇ ಹುಡುಕುದು.

ಎರಡು: ಕೀಬೋರ್ಡ್‌ನವರ ಪಟ್ಟಿ. ಒಂದು ಚರ್ಚಲ್ಲಿ ಪೂಜೆ ಏಳಕ್ಕೆ, ಪಕ್ಕದ್ದರಲ್ಲಿ ಒಂಬತ್ತಕ್ಕೆ ಇದ್ರೆ ಒಬ್ಬರೇ ಎರಡೂ ಕಡೆ ನುಡಿಸ್ಬಹುದು, ಭಾನುವಾರದ ಬಸ್ ಕೈಕೊಡದಿದ್ರೆ. ಮರಣಕ್ಕೆ ಕೂಡ ಹಾಗೇ. ನಮ್ಮಲ್ಲಿ ಮೂವರು, ಪಕ್ಕದ ಊರಲ್ಲಿ ಮೂವರು ಅಂತ ಇದ್ರೆ ಒಬ್ಬರಿಗೊಬ್ಬರು ಹೋದ್ರೆ ಆರು ಜನ. ಇಷ್ಟು ದಿನ ನಾವು ಒಬ್ಬರನ್ನೊಬ್ಬರು ನೋಡ್ತಿದ್ದದ್ದು ಕ್ಯಾರೋಲ್ ಸ್ಪರ್ಧೆಯಲ್ಲಿ ಮಾತ್ರ, ಎದುರಾಳಿಗಳಾಗಿ.

ಮೂರು: ನಮ್ಮ ಎಂಟನೇ ಕ್ಲಾಸಿನ ಇಬ್ಬರು ಮಕ್ಕಳನ್ನು ಕರ್ಕೊಂಡು ಹೋಗ್ತಿದ್ದೇನೆ. ಒಬ್ಬಳಿಗೆ ಕೀಬೋರ್ಡಲ್ಲಿ ಬಲಗೈ ಬರ್ತದೆ, ಎಡಗೈ ಇನ್ನೂ ಇಲ್ಲ. ಇನ್ನೊಬ್ಬನಿಗೆ ನಾಚಿಕೆ, ಆದ್ರೆ ಕಿವಿ ಗಟ್ಟಿ, ಒಮ್ಮೆ ಕೇಳಿದ್ರೆ ಸಾಕು. ಏಳು ಜನರ ನಡುವೆ ಹಾಡಿ ಬೆಳೆದ ಮಕ್ಕಳು ಒಂದು ಹಾಲ್ ತುಂಬ ಜನ ನಾಲ್ಕು ಸ್ವರದಲ್ಲಿ ಹಾಡುದನ್ನು ಒಮ್ಮೆ ಒಳಗೆ ನಿಂತು ಕೇಳ್ಬೇಕು. ಕೇಳಿದ್ರೆ ಅವರು ಬಿಡುದಿಲ್ಲ ಅಂತ ನನ್ನ ನಂಬಿಕೆ. ಜೂನ್‌ವರೆಗೆ ಸಮಯ ಉಂಟು. ಎಡಗೈ ಕಲಿಸ್ಲಿಕ್ಕೆ ಏಳು ತಿಂಗಳು ಸಾಕಾ? ಕಾಂಬ.

ನಿಮ್ಮಲ್ಲಿ ಒಂದು ಕೇಳ್ಕೊಳ್ಳುದು. ನಿಮ್ಮೂರಲ್ಲಿ ಭಜನಾ ಮಂಡಳಿ ಇರಬಹುದು, ಶೋಭಾನೆ ಹಾಡುವ ಅಜ್ಜಿ ಇರಬಹುದು, ಹೋಳಿಗೆ ಗುಮಟೆ ಹಿಡಿಯುವ ಮಾವ ಇರಬಹುದು. ಅವರಿಗೆ ಬರುವ ಹಾಡು ನಿಮ್ಮ ಫೋನಲ್ಲಿ ಉಂಟಾ? ಇಲ್ಲಾಂದ್ರೆ ಈ ವಾರ ಒಂದು ರೆಕಾರ್ಡ್ ಮಾಡಿ. ಐದು ನಿಮಿಷದ ಕೆಲಸ. ಮಾಡಿದವರು ನನಗೆ ಮೆಸೇಜ್ ಹಾಕಿ, ಹಾಡು ಕಳಿಸದಿದ್ರೂ ಅಡ್ಡಿಲ್ಲ, ಯಾರ ಹತ್ರ ಕೂತು ಕೇಳಿದ್ರಿ ಅಂತ ಮಾತ್ರ ಹೇಳಿ.

ಕೀಬೋರ್ಡ್ ನುಡಿಸ್ಲಿಕ್ಕೆ ಬರುವ, ಭಾನುವಾರ ಬೇಗ ಏಳುವ ಯಾರಾದ್ರೂ ನಿಮಗೆ ಗೊತ್ತಿದ್ರೆ ಅದನ್ನೂ ಹೇಳಿ. ಬೇಗ ಏಳುದು ಕಷ್ಟ ಆದ್ರೆ ಒಂಬತ್ತರ ಪೂಜೆಯೂ ಉಂಟು.

#ಕುಂದಾಪ್ರ #ಬೈಂದೂರು #ಬ್ರಹ್ಮಾವರ #ಕೊಯರ್ #ಗುಮಟೆ